ಕೂಸು ಯಾರ ಕೈಯಲ್ಲಿ? ಬಡ ಹಳ್ಳಿಗಳ ಮಕ್ಕಳ ಕಾಯಿಲೆಗೆ ಕಾರಣ ಹುಡುಕುತ್ತಾ



ಬಡ ಹಳ್ಳಿಯ ಮಗುವಿಗೆ ಐದು ವರ್ಷ ತುಂಬುವುದರೊಳಗೆ ಬರುವ ಕಾಯಿಲೆಗಳಲ್ಲಿ ಅಪರೂಪದ್ದು ಏನೂ ಇಲ್ಲ. ಭೇದಿ, ನೆಗಡಿ-ಕೆಮ್ಮಿನಿಂದ ಶುರುವಾಗಿ ಎದೆಗಿಳಿಯುವ ನ್ಯುಮೋನಿಯಾ, ಬಿಟ್ಟುಬಿಟ್ಟು ಬರುವ ಜ್ವರ, ಕಜ್ಜಿ, ಜಂತುಹುಳು. ಇವುಗಳ ಬೆನ್ನಿಗೇ ರಕ್ತಹೀನತೆ, ಅಪೌಷ್ಟಿಕತೆ. ಕಾರಣಗಳ ಪಟ್ಟಿ ಆರೋಗ್ಯ ಇಲಾಖೆಯವರಿಗಷ್ಟೇ ಅಲ್ಲ, ಹೈಸ್ಕೂಲು ಮಕ್ಕಳಿಗೂ ಬಾಯಿಪಾಠ: ಕೊಳಕು ನೀರು, ಬಯಲು ಶೌಚ, ಒಲೆಯ ಹೊಗೆ, ಕಡಿಮೆ ತೂಕದ ಹುಟ್ಟು, ತಪ್ಪಿದ ಲಸಿಕೆ, ಸಾಲದ ಆಹಾರ, ಓದು ಬಾರದ ತಾಯಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ನನ್ನ ತಕರಾರಿರುವುದು ಇವನ್ನು ಒಂದರ ಪಕ್ಕ ಒಂದಾಗಿ ಬರೆದು, ಒಂದೊಂದಕ್ಕೆ ಒಂದೊಂದು ಯೋಜನೆ ಹೂಡಿ, ಒಂದೊಂದನ್ನೇ ಅಳಿಸುತ್ತಾ ಹೋದರೆ ಮಗು ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆಯ ಬಗ್ಗೆ. ಈ ಕಾರಣಗಳನ್ನೆಲ್ಲ ಒಂದಕ್ಕೊಂದು ಹೊಸೆಯುವ ಇನ್ನೊಂದು ಕಾರಣವಿದೆ, ಅದು ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗಿನ ಕೂಸು ಬೆಳಗಿನಿಂದ ಸಂಜೆಯವರೆಗೆ ಯಾರ ಕೈಯಲ್ಲಿರುತ್ತದೆ ಎಂಬುದೇ ಅದು.

ಮೊದಲು ನಮ್ಮ ರಾಜ್ಯದ ಲೆಕ್ಕವನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತು 2015-16ರಲ್ಲಿ ನಡೆಯಿತು, ಐದನೆಯದು 2019-21ರಲ್ಲಿ. ಈ ನಾಲ್ಕೈದು ವರ್ಷಗಳಲ್ಲಿ ಕರ್ನಾಟಕದಲ್ಲಿ ಹೊಗೆಯಿಲ್ಲದ ಇಂಧನದಿಂದ ಅಡುಗೆ ಮಾಡುವ ಮನೆಗಳ ಪ್ರಮಾಣ ಶೇ. 55ರ ಆಸುಪಾಸಿನಿಂದ ಶೇ. 80ರ ಸಮೀಪಕ್ಕೆ ಏರಿತು. ಸುಧಾರಿತ ಶೌಚಾಲಯವಿರುವ ಮನೆಗಳು ಶೇ. 58ರಿಂದ 75ಕ್ಕೆ ಬಂದವು. ಪೂರ್ತಿ ಲಸಿಕೆ ಪಡೆದ ಮಕ್ಕಳು ಶೇ. 63ರಿಂದ 84 ಆದರು. ಪಟ್ಟಿಯ ಮೂರು ದೊಡ್ಡ ಬಾಬುಗಳು ಇಷ್ಟು ಬೇಗ ಸುಧಾರಿಸಿದ್ದು ನಮ್ಮ ಇತಿಹಾಸದಲ್ಲೇ ಕಡಿಮೆ. ಆದರೆ ಅದೇ ಅವಧಿಯಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳ ಪ್ರಮಾಣ ಶೇ. 36.2ರಿಂದ 35.4ಕ್ಕೆ ಬಂದು ನಿಂತಿತು. ಅಂದರೆ ಅಲುಗಿದ್ದು ಒಂದು ಅಂಶಕ್ಕಿಂತ ಕಡಿಮೆ. ರಕ್ತಹೀನ ಮಕ್ಕಳು ಶೇ. 60.9 ಇದ್ದವರು 65.5 ಆದರು. ಇದು ರಾಜ್ಯದ ಸರಾಸರಿ ಮಾತ್ರ. ಕುಂಠಿತ ಬೆಳವಣಿಗೆಯಲ್ಲಿ ಯಾದಗಿರಿ, ಕಲಬುರಗಿಗಳ ಲೆಕ್ಕ ಇದಕ್ಕಿಂತ ಬಹಳ ಮೇಲಿದೆ. 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು ಎಂಬುದನ್ನು ಇಲ್ಲಿ ನೆನೆಯಬಹುದು.

ಇದು ಕರ್ನಾಟಕವೊಂದರ ಒಗಟಲ್ಲ. ಒಡಿಶಾದ ಪುರಿ ಜಿಲ್ಲೆಯ ನೂರು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆದು 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅರ್ಧ ಹಳ್ಳಿಗಳಲ್ಲಿ ಶೌಚಾಲಯವಿರುವ ಮನೆಗಳನ್ನು ಶೇ. 9ರಿಂದ 63ಕ್ಕೆ ಏರಿಸಿದರು. ಮಕ್ಕಳ ಭೇದಿ ಮಾತ್ರ ಎರಡೂ ಕಡೆ ಒಂದೇ ಪ್ರಮಾಣದಲ್ಲಿತ್ತು. ಕಟ್ಟಿದ್ದನ್ನು ಎಲ್ಲರೂ ಬಳಸಲಿಲ್ಲ ಎಂಬುದು ಅದಕ್ಕೆ ಸಿಕ್ಕ ಒಂದು ವಿವರಣೆ. 2018ರಲ್ಲಿ ಬಾಂಗ್ಲಾದೇಶ ಮತ್ತು ಕೀನ್ಯಾದ ಹಳ್ಳಿಗಳಿಂದ ಬಂದ ಅವಳಿ ಪ್ರಯೋಗಗಳು ಇನ್ನೂ ಕಟ್ಟುನಿಟ್ಟಿನವು. ನೀರಿನ ಶುದ್ಧೀಕರಣ, ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಮೂರನ್ನೂ ಒದಗಿಸಿದರೂ ಮಕ್ಕಳ ಎತ್ತರದಲ್ಲಿ ಹೆಚ್ಚಳ ಕಾಣಲಿಲ್ಲ. ಬಾಂಗ್ಲಾದಲ್ಲಿ ಭೇದಿ ಇಳಿಯಿತು, ಕೀನ್ಯಾದಲ್ಲಿ ಅದೂ ಇಳಿಯಲಿಲ್ಲ. ಬಾಂಗ್ಲಾದಲ್ಲಿ ಕಾರ್ಯಕರ್ತೆಯರು ತಿಂಗಳಿಗೆ ಹಲವು ಸಲ ಮನೆಬಾಗಿಲಿಗೆ ಹೋಗುತ್ತಿದ್ದರು, ಕೀನ್ಯಾದಲ್ಲಿ ಅಷ್ಟಿರಲಿಲ್ಲ; ಈ ವ್ಯತ್ಯಾಸ ನನ್ನ ವಾದಕ್ಕೆ ಬೇಕಾದದ್ದು. ಹೊಗೆಯ ವಿಷಯದಲ್ಲೂ ಹೀಗೇ ಆಯಿತು. ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳಲ್ಲಿ ಬಸುರಿಯರ ಮನೆಗೆ ಗ್ಯಾಸ್ ಒಲೆ ಮತ್ತು ಸಿಲಿಂಡರ್ ಪುಕ್ಕಟೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಂತು. ಹೊಗೆ ತುಂಬಾ ಕಡಿಮೆಯಾಗಿತ್ತು, ಹಸುಗೂಸುಗಳ ತೀವ್ರ ನ್ಯುಮೋನಿಯಾ ಕಡಿಮೆಯಾಗಿರಲಿಲ್ಲ. ಹಾಗೆಂದು ಶೌಚಾಲಯ ಬೇಡ, ಗ್ಯಾಸ್ ಬೇಡ ಎಂದು ಯಾರೂ ತೀರ್ಮಾನಿಸಬೇಕಿಲ್ಲ. ಹೆಣ್ಣುಮಕ್ಕಳ ಮಾನಕ್ಕೆ, ಕಣ್ಣಿಗೆ, ಬೆನ್ನಿಗೆ ಅವು ಬೇಕೇ ಬೇಕು. ಮಗುವಿನ ಕಾಯಿಲೆಯ ಗಂಟು ಒಂದೊಂದು ಎಳೆ ಎಳೆದರೆ ಬಿಚ್ಚಿಕೊಳ್ಳುವುದಿಲ್ಲ ಎಂಬುದಷ್ಟೇ ಇವುಗಳಿಂದ ಕಲಿಯಬೇಕಾದ ಪಾಠ.

ಈ ಗಂಟನ್ನು ಅರ್ಥಮಾಡಿಕೊಳ್ಳಲು ಸಂಶೋಧಕರಾದ ಹೆನ್ರಿ ಮೋಸ್ಲಿ ಮತ್ತು ಲಿಂಕನ್ ಚೆನ್ 1984ರಲ್ಲೇ ಒಂದು ಚೌಕಟ್ಟು ಹಾಕಿಕೊಟ್ಟಿದ್ದರು. ಬಡತನ, ಜಾತಿ, ಓದು ಇವು ನೇರವಾಗಿ ಮಗುವನ್ನು ಕೊಲ್ಲುವುದಿಲ್ಲ. ತಾಯಿಯ ಸ್ಥಿತಿ, ಪರಿಸರದ ಕೊಳಕು, ಆಹಾರದ ಕೊರತೆ, ಅಪಘಾತ, ರೋಗ ಬಂದಾಗಿನ ಆರೈಕೆ ಎಂಬ ಐದು ದಾರಿಗಳಲ್ಲಿ ಯಾವುದಾದರೊಂದರ ಮೂಲಕವೇ ಬರುತ್ತವೆ ಎಂದು ಅವರು ತೋರಿಸಿದರು. ಈ ಚೌಕಟ್ಟನ್ನು ಕೈಯಲ್ಲಿ ಹಿಡಿದು ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಹೆಂಗಸಿನ ಒಂದು ದಿನವನ್ನು ಅಳೆದು ನೋಡಿ. ಬೆಳಕು ಹರಿಯುವ ಮೊದಲೇ ನೀರು, ಕಸ, ರೊಟ್ಟಿ. ಕೂಲಿಯವರನ್ನು ತುಂಬಿಕೊಂಡು ಹೋಗುವ ಟಂಟಂ ಬರುವ ಹೊತ್ತಿಗೆ ಬುತ್ತಿ ಕಟ್ಟಿರಬೇಕು. ಕೂಸನ್ನು ಜೊತೆಗೊಯ್ದರೆ ಹೊಲದ ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ. ಬಿಟ್ಟುಹೋದರೆ ಮುದುಕಿಯ ಬಳಿ, ಇಲ್ಲವೇ ಎಂಟು ವರ್ಷದ ಅಕ್ಕನ ಕಂಕುಳಲ್ಲಿ. ಮರಳುವುದು ಸಂಜೆಗೆ, ಮತ್ತೆ ಒಲೆ ಮುಂದೆ. ಐದು ದಾರಿಗಳಲ್ಲಿ ನಾಲ್ಕು ಈ ದಿನಚರಿಯೊಳಗೇ ಹಾದುಹೋಗುತ್ತವೆ ಎಂದು ಹೇಳಲು ದೊಡ್ಡ ಸಂಶೋಧನೆಯೇನೂ ಬೇಕಾಗುವುದಿಲ್ಲ.

ಆರು ತಿಂಗಳಿಂದ ಎರಡು ವರ್ಷ ಎಂದು ನಾನು ಒತ್ತಿ ಹೇಳುತ್ತಿರುವುದಕ್ಕೆ ಶರೀರಶಾಸ್ತ್ರದ ಕಾರಣವಿದೆ. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆ ಹಿಡಿಯುವುದು ಸುಮಾರು 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ಒಮ್ಮೆ ಎಷ್ಟೇ ತುಂಬಿದರೂ ದಿನಕ್ಕೆ ಸಾಲದು. ಅದಕ್ಕೇ ಎದೆಹಾಲಿನ ಜೊತೆಗೆ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು-ಮೂರು ಸಲ, ಆಮೇಲೆ ಮೂರು-ನಾಲ್ಕು ಸಲ ಉಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಣಿಸುವುದೆಂದರೆ ತಟ್ಟೆ ಮುಂದಿಟ್ಟು ಹೋಗುವುದಲ್ಲ. ಮುಖ ತಿರುಗಿಸುವ, ಉಗುಳುವ ಕೂಸಿನ ಮುಂದೆ ಅರ್ಧ ಗಂಟೆ ಕೂರಬೇಕು. ಮಗು ತೆವಳಲು ಕಲಿತು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವುದೂ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ತೀರುವುದೂ, ಹೊರಗಿನ ಆಹಾರ ಶುರುವಾಗುವುದೂ ಇದೇ ತಿಂಗಳುಗಳಲ್ಲಿ. ಭೇದಿ ಹೆಚ್ಚಾಗಿ ಕಾಡುವುದೂ ಆಗಲೇ. ದೇಶದಲ್ಲಿ ಈ ವಯಸ್ಸಿನ ಮಕ್ಕಳಲ್ಲಿ ಕನಿಷ್ಠ ಸಮರ್ಪಕ ಆಹಾರ ಸಿಗುತ್ತಿರುವುದು ಶೇ. 11ರಷ್ಟು ಮಂದಿಗೆ ಎಂದು ಐದನೆಯ ಸಮೀಕ್ಷೆ ಹೇಳುತ್ತದೆ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಮಗುವಿಗೆ ಉಣಿಸುವ ತಾಯಿಯ ಚಿತ್ರವಿರುತ್ತದೆ. ಚಿತ್ರದ ತಾಯಿ ಯಾವಾಗಲೂ ಕೂತಿರುತ್ತಾಳೆ, ಅವಳಿಗೆ ಹೊತ್ತಾಗಿರುವುದಿಲ್ಲ.

ಹೊತ್ತು ಇಲ್ಲದಿರುವುದು ರೋಗಾಣುವಾಗಿ ಹೇಗೆ ಮಾರ್ಪಡುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಒಳ್ಳೆಯ ಸಾಕ್ಷ್ಯವಿದೆ. ಅಲ್ಲಿನ ಕೆನೆಬಾ ಎಂಬ ಹಳ್ಳಿಯಲ್ಲಿ ಕೂಸುಗಳಿಗೆ ಕೊಡುವ ಗಂಜಿಯನ್ನು ಪರೀಕ್ಷಿಸಿದ ವರದಿ 1978ರಲ್ಲಿ ಬಂತು. ಬೇಯಿಸಿದ ಗಂಜಿ ಗಂಟೆಗಟ್ಟಲೆ ಇಟ್ಟಷ್ಟೂ ಅದರಲ್ಲಿ ಬ್ಯಾಕ್ಟೀರಿಯಾ ಏರುತ್ತಿದ್ದವು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ಊರಿನಲ್ಲಿ ಮಳೆಗಾಲವೇ ಹೆಂಗಸರು ಹೊಲದಲ್ಲಿ ದಿನವಿಡೀ ದುಡಿಯುವ ಕಾಲ, ಕಣಜ ಬರಿದಾಗುವ ಕಾಲ, ಮಕ್ಕಳ ಭೇದಿಯ ಕಾಲ. ನೀರು ಕೊಳಕಾಗಿತ್ತೇ ಎಂದರೆ ಹೌದು. ಆದರೆ ಆ ಕೊಳಕು ಬೆಳೆದು ಮಗುವನ್ನು ಮಲಗಿಸುವಷ್ಟಾಗಲು ಗಂಜಿ ಗಂಟೆಗಟ್ಟಲೆ ಕಾದಿರಬೇಕಿತ್ತು. ಎರಡನೇ ಸಲ ಒಲೆ ಹಚ್ಚಿ ಬಿಸಿ ಗಂಜಿ ಮಾಡಲು ಯಾರಾದರೂ ಮನೆಯಲ್ಲಿರಬೇಕಲ್ಲ? ಬೆಳಿಗ್ಗೆ ಮಾಡಿದ ಅನ್ನ, ಮಧ್ಯಾಹ್ನ ಚಹಾದಲ್ಲಿ ಅದ್ದಿದ ಬಿಸ್ಕತ್ತು, ನಡುವೆ ಐದು ರೂಪಾಯಿಯ ಕುರುಕಲು ಪೊಟ್ಟಣ: ನಮ್ಮ ಕಡೆಯ ಈ ಊಟದ ಕ್ರಮಕ್ಕೂ ಅದೇ ತರ್ಕ ಅನ್ವಯಿಸುತ್ತದೆ. ಪೊಟ್ಟಣವನ್ನು ಎಂಟು ವರ್ಷದ ಅಕ್ಕನೂ ಹರಿದು ಕೊಡಬಲ್ಲಳು.

ಕಾಯಿಲೆ ಬಂದ ಮೇಲಿನ ಕಥೆಯೂ ಕೈಗಳ ಕಥೆಯೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಹಾಕುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನೋಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಶೇ. 30ರ ಸುಮಾರಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಓಆರ್‌ಎಸ್‌ನ ಈ ಗೆಲುವನ್ನು ನಾವು ಪುಡಿಯ ಗೆಲುವೆಂದು ಹೇಳುತ್ತೇವೆ. ಅಲ್ಲಿ ಲೋಟ ಹಿಡಿದು ಗಂಟೆಗಟ್ಟಲೆ ಕುಡಿಸಿದವರು ರೋಗಿಗಳ ಪಕ್ಕ ಕೂತಿದ್ದ ಮನೆಯವರು. ವಾಂತಿ ಮಾಡುವ ಕೂಸಿಗೆ ಒಂದೆರಡು ನಿಮಿಷಕ್ಕೊಂದು ಚಮಚ ಹಾಕುತ್ತಾ ಕೂರುವವರಿಲ್ಲದಿದ್ದರೆ ಆಶಾ ಕಾರ್ಯಕರ್ತೆ ಕೊಟ್ಟ ಪೊಟ್ಟಣ ಗೂಡಿನಲ್ಲೇ ಉಳಿಯುತ್ತದೆ. ನ್ಯುಮೋನಿಯಾದ ಗುರುತು ಉಸಿರಿನ ವೇಗ: ಎರಡರಿಂದ ಹನ್ನೊಂದು ತಿಂಗಳ ಕೂಸು ನಿಮಿಷಕ್ಕೆ 50ಕ್ಕೆ ಕಡಿಮೆಯಿಲ್ಲದೆ, ಒಂದು ವರ್ಷ ದಾಟಿದ ಮಗು 40ಕ್ಕೆ ಕಡಿಮೆಯಿಲ್ಲದೆ ಉಸಿರೆಳೆಯುತ್ತಿದ್ದರೆ ಔಷಧ ಬೇಕು. ಪಕ್ಕೆ ಒಳಗೆಳೆಯುತ್ತಿದ್ದರೆ ಇನ್ನೂ ಜರೂರು. ಹಗಲೆಲ್ಲ ಹೊಲದಲ್ಲಿದ್ದ ತಾಯಿ ಇದನ್ನು ಕಾಣುವುದು ರಾತ್ರಿ. ಆಗ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ಬೀಗ. ಮರುದಿನ ಹೋಗಬೇಕೆಂದರೆ ಕೂಲಿ ಬಿಡಬೇಕು. ತಡವಾಗಿ ತಂದಿರಿ ಎಂಬ ಬೈಗುಳವೂ ಅವಳಿಗೇ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ: ಇದೆಲ್ಲ ತಿಳಿವಳಿಕೆಯ ಕೊರತೆ, ತಾಯಂದಿರಿಗೆ ಓದು ಬಂದರೆ ಸರಿಹೋಗುತ್ತದೆ. ಓದಿದ ತಾಯಿಯ ಮಕ್ಕಳು ಹೆಚ್ಚು ಉಳಿಯುತ್ತಾರೆಂಬುದು ನಿಜ. ಆದರೆ ಓದು ಯಾವ ದಾರಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಕೆದಕಿ ನೋಡಿದವರು ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ ಮಾಡಿ 1983ರಲ್ಲಿ ಅವರು ಬರೆದದ್ದರ ತಿರುಳು ರೋಗಾಣುವಿನ ಪಾಠಕ್ಕಿಂತ ಮನೆಯೊಳಗಿನ ಅಧಿಕಾರದ ಬಗ್ಗೆ ಹೆಚ್ಚಿದೆ. ಓದದ ಸೊಸೆ ಮಗುವಿಗೆ ಹುಷಾರಿಲ್ಲವೆಂದು ಕಂಡರೂ ಅತ್ತೆ ಮಾತಾಡುವವರೆಗೆ ಕಾಯುತ್ತಾಳೆ. ಓದಿದವಳು ತಾನೇ ಎತ್ತಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ, ಕೊಟ್ಟ ಔಷಧ ನಾಟದಿದ್ದರೆ ಮತ್ತೆ ಹೋಗಿ ವೈದ್ಯರಿಗೆ ಹೇಳುವ ಧೈರ್ಯವೂ ಅವಳಿಗಿದೆ. ಅಂದರೆ ಓದು ಅವಳಿಗೆ ಕೊಟ್ಟದ್ದು ಮುಖ್ಯವಾಗಿ ತನ್ನ ಮಗುವಿನ ಮೇಲೆ, ತನ್ನ ಹೊತ್ತಿನ ಮೇಲೆ ಒಂದಿಷ್ಟು ಹಕ್ಕು. ಉಳ್ಳವರ ಮನೆಗಳಲ್ಲೂ ಕೂಸುಗಳ ಆಹಾರ ಸಮರ್ಪಕವಾಗಿಲ್ಲ, ಆದ್ದರಿಂದ ಅಜ್ಞಾನವೇ ಕಾರಣ ಎಂದು ಇನ್ನೊಂದು ಮಾತು ಬರುತ್ತದೆ. ಇದನ್ನು ಭಾಗಶಃ ಒಪ್ಪುತ್ತೇನೆ. ಉಳ್ಳವರ ಮನೆಯ ಕೂಸು ಹಳಸಿದ್ದನ್ನು ತಿನ್ನುವುದಿಲ್ಲ, ಜ್ವರ ಬಂದ ಗಂಟೆಯೊಳಗೆ ಯಾರಾದರೂ ನೋಡುತ್ತಾರೆ. ಅಲ್ಲಿ ಅಜ್ಞಾನಕ್ಕೆ ಕಾವಲು ಇದೆ, ಇಲ್ಲಿ ತಿಳಿವಳಿಕೆಗೂ ಇಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಸೂಕ್ಷ್ಮ. ಹೆಂಗಸಿನ ದುಡಿಮೆಯನ್ನೇ ಅಪಾಯದ ಪಟ್ಟಿಗೆ ಸೇರಿಸಿದರೆ, ಅವಳನ್ನು ಮತ್ತೆ ಮನೆಯೊಳಗೆ ಕೂರಿಸುವ ವಾದವಾಗುವುದಿಲ್ಲವೇ? ಅವಳ ಕೂಲಿಯೇ ಮಗುವಿನ ಅನ್ನ ತಾನೇ? ಅಲ್ಕಾ ಬಸು ಮತ್ತು ಕೌಶಿಕ್ ಬಸು 1991ರಲ್ಲಿ ಭಾರತದ ಅಂಕಿಅಂಶಗಳನ್ನಿಟ್ಟುಕೊಂಡು ಇದೇ ಗೋಜಲನ್ನು ಬಿಡಿಸಲು ಹೊರಟರು. ದುಡಿಯುವ ತಾಯಂದಿರ ಮನೆಗಳಲ್ಲಿ ಹೆಣ್ಣು-ಗಂಡು ಮಕ್ಕಳ ಉಳಿವಿನ ನಡುವಿನ ತಾರತಮ್ಯ ಕಡಿಮೆ ಇತ್ತು, ಆದರೆ ಒಟ್ಟಾರೆ ಮಕ್ಕಳ ಸಾವು ಹೆಚ್ಚಿತ್ತು. ಹೊತ್ತಿನ ಅಭಾವ ಅದಕ್ಕೊಂದು ಕಾರಣವೆಂದು ಅವರು ಕಂಡರು. ದುಡಿಮೆ ಹೆಣ್ಣುಮಗುವಿಗೆ ಬೆಲೆ ತಂದಿತು, ಕೂಸಿಗೆ ಕೈ ತಪ್ಪಿಸಿತು. ಇದಕ್ಕೆ ಪರಿಹಾರ ದುಡಿಮೆ ಬಿಡಿಸುವುದಾಗಲಾರದು. ಹೊರಗೆ ದುಡಿದ ಮೇಲೂ ಮನೆಗೆಲಸ ಅವಳದೇ ಎಂಬಲ್ಲಿ ದೋಷವಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ತೊಡಗಿರುತ್ತಾರೆ, ಗಂಡಸರು 97 ನಿಮಿಷ. ಮನೆಗೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ಕರಲ್ಲೊಬ್ಬರು. ಕಾನೂನಿನ ತಕ್ಕಡಿಯೂ ಹೀಗೇ ವಾಲಿದೆ. ಸಂಘಟಿತ ವಲಯದ ಉದ್ಯೋಗಿಗೆ 2017ರ ತಿದ್ದುಪಡಿ 26 ವಾರಗಳ ಸಂಬಳಸಹಿತ ಹೆರಿಗೆ ರಜೆ ಕೊಟ್ಟಿತು. ಆರು ತಿಂಗಳು ಎದೆಹಾಲನ್ನಷ್ಟೇ ಕೊಡಬೇಕೆಂಬ ವೈದ್ಯಕೀಯ ಸಲಹೆಗೆ ಅದು ಸರಿಯಾಗಿ ಹೊಂದುತ್ತದೆ. ಹೊಲದ ಕೂಲಿಯವಳಿಗೆ ಅದೇ ಸಲಹೆಯ ಜೊತೆ ಸಿಗುವುದು ಮೊದಲ ಮಗುವಿಗೆ ಕಂತಿನಲ್ಲಿ 5,000 ರೂಪಾಯಿ. 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದು ಕನಿಷ್ಠ 6,000.

ನಮ್ಮ ಮಕ್ಕಳು ಹುಟ್ಟುಕುಳ್ಳರು, ಕುಳ್ಳಗಿದ್ದರೂ ಆರೋಗ್ಯವಾಗಿದ್ದಾರೆ ಎಂಬ ವಾದವೊಂದು 1980ರ ದಶಕದಲ್ಲಿ ಓಡಾಡಿತ್ತು. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಅದನ್ನು ಆಗಲೇ ಖಂಡಿಸಿದ್ದರು. ಅದಕ್ಕಿಂತ ಗಂಭೀರವಾದದ್ದು ಇದು: ಲಸಿಕೆ, ಓಆರ್‌ಎಸ್, ಆಂಟಿಬಯಾಟಿಕ್‌ಗಳಿಂದ ಮಕ್ಕಳ ಸಾವು ಇಳಿದಿಲ್ಲವೇ? ಎತ್ತರಕ್ಕೆ ಹೋಲಿಸಿದರೆ ತೀರಾ ತೆಳ್ಳಗಿರುವ ಮಕ್ಕಳು ಕರ್ನಾಟಕದಲ್ಲಿ ಶೇ. 26.1ರಿಂದ 19.5ಕ್ಕೆ ಇಳಿದಿಲ್ಲವೇ? ಇಳಿದಿದ್ದಾರೆ. ಅದನ್ನು ಮರೆಮಾಚಿ ವಾದ ಗೆಲ್ಲುವುದು ಬೇಡ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ವೈದ್ಯರಾದ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟು, ಬಾಣಂತಿಯ ಮನೆಗೆ ಮತ್ತೆ ಮತ್ತೆ ಕಳಿಸಿ, ನವಜಾತ ಶಿಶುಗಳ ಸಾವನ್ನು ಶೇ. 62ರಷ್ಟು ತಗ್ಗಿಸಿದ್ದು 1999ರಲ್ಲಿ ಜಗತ್ತಿಗೇ ತಿಳಿಯಿತು. ಸಾವು ತಡೆಯುವ ಔಷಧಗಳು ಬೇಕು. ಆದರೆ ಉಳಿದ ಮಗು ವರ್ಷಕ್ಕೆ ಹಲವು ಸಲ ಮಲಗುತ್ತಾ, ಪ್ರತಿ ಸಲವೂ ಒಂದಿಷ್ಟು ತೂಕ ಕಳೆದುಕೊಂಡು, ಅದನ್ನು ತುಂಬಿಕೊಳ್ಳುವ ಮೊದಲೇ ಮತ್ತೆ ಮಲಗುವುದನ್ನು ಅವು ತಡೆಯಲಾರವು. ರೋಗ ಮತ್ತು ಹಸಿವು ಒಂದನ್ನೊಂದು ಹೆಚ್ಚಿಸುವ ಈ ಸುಳಿಯನ್ನು ನೆವಿನ್ ಸ್ಕ್ರಿಮ್‌ಶಾ ಮತ್ತು ಸಂಗಡಿಗರು 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥವೊಂದರಲ್ಲಿ ವಿವರಿಸಿದ್ದಾರೆ. ಸುಳಿಯಿಂದ ಹೊರಬರಲು ಕಾಯಿಲೆ ಬಿಟ್ಟ ಮೇಲಿನ ಎರಡು ವಾರ ಮಗುವಿಗೆ ಹೆಚ್ಚುವರಿ ಊಟ ಹಾಕಬೇಕು. ತಾಯಿ ಕೂಲಿ ತಪ್ಪಿಸಿಕೊಂಡ ದಿನಗಳನ್ನು ತುಂಬಿಕೊಳ್ಳಲು ಓಡುವುದೂ ಅದೇ ಎರಡು ವಾರಗಳಲ್ಲಿ.

ಹಾಗಾದರೆ ಏನು ಮಾಡಬೇಕು? ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರ ಅಕ್ಟೋಬರ್ 2ರಂದು ಶುರುವಾದ ಈ ವ್ಯವಸ್ಥೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಬಾಗಿಲು ದಿನವಿಡೀ ತೆರೆದಿರುವುದಿಲ್ಲ. ಅಲ್ಲಿ ಕೂರುವವರು ಮೂರು ವರ್ಷ ದಾಟಿದ ಮಕ್ಕಳು. ಮೂರರ ಒಳಗಿನವರಿಗೆ ಸಿಗುವುದು ಮನೆಗೊಯ್ಯುವ ಆಹಾರದ ಪೊಟ್ಟಣ. ಹಾನಿ ಆಗುವುದು ಎರಡು ವರ್ಷದೊಳಗೆ, ಸರ್ಕಾರ ಕೈಚಾಚುವುದು ಮೂರರ ನಂತರ. ಈ ಕಂದಕಕ್ಕೆ ಸೇತುವೆ ಹಾಕಿದವರಿದ್ದಾರೆ. ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ ಸಂಸ್ಥೆ ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗಾಗಿ ಊರೊಳಗೇ ಫುಲವಾರಿ ಎಂಬ ಶಿಶುಪಾಲನಾ ಕೇಂದ್ರಗಳನ್ನು ನಡೆಸಿತು. ಊರಿನ ಹೆಂಗಸರೇ ಮಕ್ಕಳನ್ನು ನೋಡಿಕೊಂಡು, ಬಿಸಿಯಾಗಿ ಹಲವು ಸಲ ಉಣಿಸುತ್ತಿದ್ದರು. ಪೂರ್ವ ಭಾರತದ ಹಳ್ಳಿಗಳಲ್ಲಿ ಮಹಿಳಾ ಗುಂಪುಗಳ ಚರ್ಚೆ, ಮನೆ ಭೇಟಿಗಳ ಜೊತೆಗೆ ಶಿಶುಪಾಲನಾ ಕೇಂದ್ರವೂ ಇದ್ದ ಕಡೆ ಕಡಿಮೆ ತೂಕದ ಮಕ್ಕಳು ಕಡಿಮೆಯಾದದ್ದನ್ನು 2019ರ ಅಧ್ಯಯನವೊಂದು ದಾಖಲಿಸಿದೆ. ನಮ್ಮಲ್ಲೂ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳ ಘೋಷಣೆಯಾಯಿತು. ದಿಕ್ಕು ಸರಿಯಾಗಿದೆ. ಪಂಚಾಯಿತಿಗೊಂದು ಎಂದರೆ ಮಾತ್ರ ದೂರದ ತಾಂಡಾ, ಕೇರಿಗಳ ಕೂಸು ಅಲ್ಲಿಗೆ ತಲುಪುವುದಿಲ್ಲ. ಉದ್ಯೋಗ ಖಾತ್ರಿಯ ಕೆಲಸಕ್ಕಷ್ಟೇ ಕಟ್ಟಿಹಾಕಿದರೆ ಹತ್ತಿ ಹೊಲಕ್ಕೆ, ಭತ್ತದ ನಾಟಿಗೆ ಹೋಗುವವಳು ಹೊರಗುಳಿಯುತ್ತಾಳೆ. ಖರ್ಚಿನ ಮಾತಿಗೆ ಉತ್ತರ ಸರಳ. ಆ ಖರ್ಚನ್ನು ಈಗಲೂ ಒಬ್ಬರು ಭರಿಸುತ್ತಿದ್ದಾರೆ, ಕಂಕುಳಲ್ಲಿ ಕೂಸು ಹೊತ್ತು ಶಾಲೆ ತಪ್ಪಿಸಿಕೊಳ್ಳುವ ಅಕ್ಕ. ಅವಳ ಲೆಕ್ಕ ಯಾವ ಇಲಾಖೆಯ ಪುಸ್ತಕದಲ್ಲೂ ಬರುವುದಿಲ್ಲ ಅಷ್ಟೇ.

ಇನ್ನು ಗುಳೆ ಹೋದವರು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ ಹೊರಟ ಮನೆಯ ಕೂಸಿನ ಹೆಸರು ಊರಿನ ಅಂಗನವಾಡಿಯಲ್ಲಿರುತ್ತದೆ, ಮೈ ಇನ್ನೆಲ್ಲೋ ಇರುತ್ತದೆ. ಕೆಲಸದ ಜಾಗದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನು ನಮ್ಮ ಕಾನೂನುಗಳು ಬಹಳ ಹಿಂದೆಯೇ ಕಲ್ಪಿಸಿವೆ. 1951ರ ಪ್ಲಾಂಟೇಷನ್ ಕಾಯ್ದೆ ಇದನ್ನು ಹೇಳಿತು, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಮಕ್ಕಳಿಗೆ ಕೋಣೆ ಇರಬೇಕೆಂದಿತು, ಉದ್ಯೋಗ ಖಾತ್ರಿಯ 2005ರ ಕಾಯ್ದೆ ಕೆಲಸದ ಜಾಗದಲ್ಲಿ ಐದು ಎಳೆಯ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಳನ್ನು ನೇಮಿಸಬೇಕೆಂದಿತು. ಮೂರನೆಯದು ಎರಡನೆಯದಕ್ಕಿಂತ ಜಾಣತನದ್ದು, ಏಕೆಂದರೆ ಅದು ಎಣಿಸಿದ್ದು ಮಕ್ಕಳನ್ನು. ಹೆಂಗಸರನ್ನು ಎಣಿಸುವ ಕಾನೂನಿನಿಂದ ಗುತ್ತಿಗೆದಾರ ಹಾಜರಿ ಪುಸ್ತಕದಲ್ಲಿ ಐವತ್ತೇ ಹೆಸರು ಬರೆದು ಪಾರಾಗಬಹುದು, ಗಂಡನ ಹೆಸರಿನಲ್ಲೇ ಜೋಡಿ ಕೂಲಿ ಬರೆದೂ ಪಾರಾಗಬಹುದು. ಐದು ಮಕ್ಕಳಿಗೊಬ್ಬಳು ಎಂಬ ನಿಯಮವನ್ನು ಭಟ್ಟಿಗೆ, ಕಬ್ಬಿನ ಗದ್ದೆಗೆ, ಹತ್ತಿ ಹೊಲಕ್ಕೆ, ಮಹಡಿ ಕಟ್ಟುವ ಜಾಗಕ್ಕೆ ವಿಸ್ತರಿಸಿ, ಅದರ ಕೂಲಿಯನ್ನು ಕಾರ್ಮಿಕ ಕಲ್ಯಾಣ ಮಂಡಳಿಯ ಸೆಸ್ ಹಣದಿಂದಲೋ ಪಂಚಾಯಿತಿಯಿಂದಲೋ ಕೊಡುವುದಾದರೆ, ಆರೋಗ್ಯ ಇಲಾಖೆ ಹೇಳಿಕೊಡುವ ಕೈತೊಳೆಯುವ ಪಾಠವನ್ನು ಕೇಳಿಸಿಕೊಳ್ಳಲು ಅಲ್ಲಿ ಬಿಡುವಾದ ಒಬ್ಬಳಾದರೂ ಇರುತ್ತಾಳೆ.